ನೀರು–ಮೆಥನಾಲ್ ಇಂಜೆಕ್ಷನ್

ನೀರು–ಮೆಥನಾಲ್ ಇಂಜೆಕ್ಷನ್ ಎಂಬುದು ಟರ್ಬೋಚಾರ್ಜರ್ ಅಥವಾ ಸೂಪರ್‌ಚಾರ್ಜರ್ ಹೊಂದಿರುವ ಎಂಜಿನ್ ಸೇರುವ ಗಾಳಿಗೆ ನೀರು ಮತ್ತು ಮೆಥನಾಲ್‌ಗಳ ಮಿಶ್ರಣವನ್ನು ಸೂಕ್ಷ್ಮ ಹನಿಗಳಾಗಿ ಸಿಂಪಡಿಸುವ ವ್ಯವಸ್ಥೆ. ಹನಿಗಳು ಆವಿಯಾಗುವಾಗ ಶಾಖವನ್ನು ಹೀರಿಕೊಳ್ಳುವುದರಿಂದ ಗಾಳಿ ತಂಪಾಗುತ್ತದೆ. ಇಂಧನವು ತಾನಾಗಿ ಹೊತ್ತಿಕೊಳ್ಳುವ 'ನಾಕಿಂಗ್' ತಗ್ಗಿ, ಎಂಜಿನ್ ಹೆಚ್ಚಿನ ಒತ್ತಡದಲ್ಲಿ ಕೆಲಸ ಮಾಡಬಲ್ಲದು.

ಇತಿಹಾಸ

ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಯುದ್ಧವಿಮಾನಗಳು ಎಂಡಬ್ಲ್ಯು 50 ಎಂಬ ಇಂತಹ ಮಿಶ್ರಣವನ್ನು ಬಳಸಿದವು. 1962ರಲ್ಲಿ ಮಾರುಕಟ್ಟೆಗೆ ಬಂದ ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಕಾರಿನಲ್ಲಿ 'ಟರ್ಬೊ ರಾಕೆಟ್ ಫ್ಲೂಯಿಡ್' ಎಂಬ ಹೆಸರಿನ ಮಿಶ್ರಣವಿತ್ತು. ಅದರ ತೊಟ್ಟಿ ಬರಿದಾದರೆ ಟರ್ಬೊ ಒತ್ತಡವು ತಾನಾಗಿ ಮಿತಿಗೊಳ್ಳುತ್ತಿತ್ತು.

ಆಯ್ಕೆಯ ಮಾನದಂಡಗಳು

ಮಿಶ್ರಣವನ್ನು ನಂಬಿ ಒತ್ತಡ ಹೆಚ್ಚಿಸಿದ ಎಂಜಿನ್‌ನಲ್ಲಿ ಸಿಂಪಡಣೆ ನಿಂತರೆ ಪಿಸ್ಟನ್‌ಗಳು ಅಲ್ಪ ಸಮಯದಲ್ಲೇ ಹಾನಿಗೊಳ್ಳಬಹುದು. ಆದ್ದರಿಂದ ಸಿಂಪಡಣೆಯ ಪ್ರಮಾಣಕ್ಕಿಂತ ವೈಫಲ್ಯದ ವೇಳೆಯ ರಕ್ಷಣೆಯೇ ಆಯ್ಕೆಯ ಮುಖ್ಯ ಮಾನದಂಡ. ತೊಟ್ಟಿಯ ಮಟ್ಟವನ್ನಷ್ಟೇ ಅಳೆಯುವ ವ್ಯವಸ್ಥೆಯು ಕಟ್ಟಿಕೊಂಡ ನಳಿಕೆಯನ್ನು ಗುರುತಿಸಲಾರದು. ಹರಿವನ್ನೂ ಅಳೆದು, ಕೊರತೆ ಕಂಡೊಡನೆ ಒತ್ತಡ ತಗ್ಗಿಸುವ ವ್ಯವಸ್ಥೆ ಹೆಚ್ಚು ವಿಶ್ವಾಸಾರ್ಹ. ಪಂಪ್, ಕೊಳವೆ ಹಾಗೂ ಸೀಲ್‌ಗಳು ಮೆಥನಾಲ್‌ನಿಂದ ಸವೆಯದಂತಿರಬೇಕು. ನಳಿಕೆಗೆ ಮೊದಲು ಫಿಲ್ಟರ್ ಇರಬೇಕು.

ಸುರಕ್ಷತೆ

ಮೆಥನಾಲ್ ವಿಷಕಾರಿ, ಚರ್ಮದ ಮೂಲಕವೂ ದೇಹವನ್ನು ಸೇರುತ್ತದೆ. ಶುದ್ಧ ಮೆಥನಾಲ್‌ನ ಜ್ವಾಲೆಯು ಹಗಲಿನಲ್ಲಿ ಬಹುತೇಕ ಕಾಣಿಸದು.