ಹತ್ತು ‘ಇಲ್ಲ’ಕ್ಕೆ ಐವತ್ತು ಡಾಲರ್

1956ರ ಫೆಬ್ರುವರಿ. ಅಮೆರಿಕದ ಸಿಬಿಎಸ್ ಕಿರುತೆರೆಯಲ್ಲಿ ‘ಐ ಹ್ಯಾವ್ ಗಾಟ್ ಎ ಸೀಕ್ರೆಟ್’ ಎಂಬ ಆಟ. ಅಂದಿನ ಅತಿಥಿ ಸ್ಯಾಮ್ಯುಯೆಲ್ ಸೀಮೋರ್ ಎಂಬ 95ರ ಅಜ್ಜ. ಹಿಂದೆ ಎಲ್ಲೋ ಬಿದ್ದು ಕಣ್ಣಿನ ಬಳಿ ಊದಿಕೊಂಡಿತ್ತು. ಆದರೂ ಬಂದು ಕುಳಿತಿದ್ದರು. ಅವರ ಬಳಿ ಒಂದು ಗುಟ್ಟಿತ್ತು. ಪ್ಯಾನೆಲ್‌ನಲ್ಲಿದ್ದವರು ಒಂದೊಂದೇ ಪ್ರಶ್ನೆ ಕೇಳಿ ಅದನ್ನು ಹೊರಗೆಳೆಯಬೇಕು.

ಗುಟ್ಟು ಕೊನೆಗೂ ಹೊರಬಿತ್ತು. 1865ರ ಏಪ್ರಿಲ್ 14ರಂದು ವಾಷಿಂಗ್ಟನ್ನಿನ ಫೋರ್ಡ್ಸ್ ಥಿಯೇಟರ್‌ನಲ್ಲಿ ಅಧ್ಯಕ್ಷ ಅಬ್ರಹಾಂ ಲಿಂಕನ್ ಅವರಿಗೆ ಗುಂಡು ಬಿದ್ದಾಗ ಐದು ವರ್ಷದ ಸೀಮೋರ್ ಅಲ್ಲಿದ್ದರು! ಆ ಮಗುವಿಗೆ ಕೊಲೆ ಅರ್ಥವಾಗಿರಲಿಲ್ಲ. ಮೇಲಿನಿಂದ ವೇದಿಕೆಗೆ ಧುಮುಕಿದ ವ್ಯಕ್ತಿ ಬಿದ್ದುಬಿಟ್ಟನಲ್ಲ ಎಂಬ ಕನಿಕರವಷ್ಟೇ ಅದಕ್ಕಿತ್ತು. ಬಿದ್ದವನೇ ಕೊಲೆಗಾರ ಜಾನ್ ವಿಲ್ಕ್ಸ್ ಬೂತ್. ಟಿ.ವಿ.ಗೆ ಬಂದುಹೋದ ಎರಡೇ ತಿಂಗಳಲ್ಲಿ, ಏಪ್ರಿಲ್ 12ರಂದು, ಸೀಮೋರ್ ತೀರಿಕೊಂಡರು. ಅಂದು ಅವರನ್ನು ಕರೆಸದೇ ಹೋಗಿದ್ದರೆ ಆ ರಾತ್ರಿಯನ್ನು ಕಣ್ಣಾರೆ ಕಂಡವರ ಮುಖ ನಮಗೆ ನೋಡಸಿಗುತ್ತಿತ್ತೆ?

ಹಳೆಯ ಪ್ಯಾನೆಲ್ ಆಟಗಳ ಸೊಗಸು ಇರುವುದೇ ಇಲ್ಲಿ. ಬರೀ ಕಾಲಕ್ಷೇಪಕ್ಕೆಂದು ಹೂಡಿದ ಆಟ, ಯಾರೂ ಉದ್ದೇಶಿಸದೆಯೇ ಚರಿತ್ರೆಯ ಕಡತವಾಗಿಬಿಟ್ಟಿತು.

ಇಂಥ ಆಟಗಳಲ್ಲಿ ಅತ್ಯಂತ ಹೆಸರು ಮಾಡಿದ್ದು ‘ವಾಟ್ಸ್ ಮೈ ಲೈನ್?’, ಅಂದರೆ ‘ನನ್ನ ಕಸುಬು ಯಾವುದು?’. ಮಾರ್ಕ್ ಗುಡ್‌ಸನ್ ಮತ್ತು ಬಿಲ್ ಟಾಡ್‌ಮನ್ ಜೋಡಿಯ ಈ ಕಾರ್ಯಕ್ರಮ ಸಿಬಿಎಸ್‌ನಲ್ಲಿ 1950ರ ಫೆಬ್ರುವರಿ 2ರಿಂದ 1967ರ ಸೆಪ್ಟೆಂಬರ್ 3ರವರೆಗೆ ನಡೆಯಿತು. ನಿಯಮ ನಮ್ಮ ಒಗಟಿನಷ್ಟೇ ಸರಳ. ಅತಿಥಿ ಬಂದು ಕಪ್ಪು ಹಲಗೆಯ ಮೇಲೆ ಹೆಸರು ಬರೆಯುತ್ತಾರೆ. ಅವರ ಕಸುಬೇನೆಂದು ನಾಲ್ವರು ಪತ್ತೆ ಮಾಡಬೇಕು. ಉತ್ತರ ‘ಹೌದು’ ಅಥವಾ ‘ಇಲ್ಲ’ ಎಂದಷ್ಟೇ. ಒಂದೊಂದು ‘ಇಲ್ಲ’ಕ್ಕೂ ಅತಿಥಿಗೆ ಐದು ಡಾಲರ್. ಹತ್ತು ‘ಇಲ್ಲ’ ಆದರೆ 50 ಡಾಲರ್, ಅಲ್ಲಿಗೆ ಆಟ ಮುಗಿಯಿತು. ಬಹುಮಾನ ಇಷ್ಟೇ!

ಕೊನೆಗೆ ಬರುವ ಗಣ್ಯ ಅತಿಥಿಗಾಗಿ ಪ್ಯಾನೆಲ್‌ನವರು ಕಣ್ಣಿಗೆ ಪಟ್ಟಿ ಕಟ್ಟಿಕೊಳ್ಳುತ್ತಿದ್ದರು. ಬಂದವರು ಧ್ವನಿ ಬದಲಿಸಿ ಉತ್ತರಿಸುತ್ತಿದ್ದರು. ಎಲಿನಾರ್ ರೂಸ್‌ವೆಲ್ಟ್ ಬಂದರು, ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಬಂದರು. 1957ರಲ್ಲಿ ಬಂದ ಚಿತ್ರಕಾರ ಸಾಲ್ವಡಾರ್ ಡಾಲಿ ಬಹುತೇಕ ಎಲ್ಲ ಪ್ರಶ್ನೆಗಳಿಗೂ ‘ಹೌದು’ ಎನ್ನುತ್ತಾ ಹೋದಾಗ ಪ್ಯಾನೆಲ್ ಕಕ್ಕಾಬಿಕ್ಕಿಯಾಯಿತು.

ಕೇಳುವವರೂ ಸಾಮಾನ್ಯರಲ್ಲ. ಡೊರೋತಿ ಕಿಲ್‌ಗ್ಯಾಲನ್ ದೊಡ್ಡ ದೊಡ್ಡ ಕೊಲೆ ಮೊಕದ್ದಮೆಗಳನ್ನು ವರದಿ ಮಾಡಿದ ಪತ್ರಕರ್ತೆ. ಬೆನೆಟ್ ಸರ್ಫ್ ‘ರ‍್ಯಾಂಡಮ್ ಹೌಸ್’ ಪ್ರಕಾಶನದ ಸ್ಥಾಪಕರಲ್ಲಿ ಒಬ್ಬರು. ಆರ್ಲೀನ್ ಫ್ರಾನ್ಸಿಸ್ ನಟಿ. ನಿರೂಪಕ ಜಾನ್ ಡೇಲಿ 1941ರಲ್ಲಿ ಪರ್ಲ್ ಹಾರ್ಬರ್ ದಾಳಿಯ ಸುದ್ದಿಯನ್ನು ರೇಡಿಯೊದಲ್ಲಿ ಬಿತ್ತರಿಸಿದ್ದ ಸುದ್ದಿಗಾರ. ಇವರು ಸಂಜೆಯ ಔತಣಕ್ಕೆ ಹೊರಟವರಂತೆ ಉಡುಗೆ ತೊಟ್ಟು ಬರುತ್ತಿದ್ದರು. ಜಾಣತನಕ್ಕಿಂತ ಮಾತಿನ ಚಂದಕ್ಕೆ ಬೆಲೆ. ಸೋತವರೂ ನಗುತ್ತಿದ್ದರು.

ಹಣದ ಆಟಗಳ ಕಥೆ ಬೇರೆ. ಅದೇ ದಶಕದಲ್ಲಿ ‘ಟ್ವೆಂಟಿ ಒನ್’ನಂಥ ಕ್ವಿಜ್‌ಗಳು ಲಕ್ಷ ಡಾಲರ್‌ಗೂ ಮೀರಿ ಹಂಚಿದವು. ಗೆಲ್ಲಬೇಕಾದವರಿಗೆ ಮೊದಲೇ ಉತ್ತರ ಕೊಡುತ್ತಿದ್ದರೆಂಬ ಹಗರಣ 1958ರಲ್ಲಿ ಸಿಡಿಯಿತು. ಜನಪ್ರಿಯ ವಿಜೇತ ಚಾರ್ಲ್ಸ್ ವ್ಯಾನ್ ಡೊರೆನ್ 1959ರ ನವೆಂಬರ್‌ನಲ್ಲಿ ಅಮೆರಿಕದ ಕಾಂಗ್ರೆಸ್ ಸಮಿತಿಯ ಮುಂದೆ ತಪ್ಪೊಪ್ಪಿಕೊಂಡರು. ದೊಡ್ಡ ಮೊತ್ತದ ಕ್ವಿಜ್‌ಗಳು ಒಂದೊಂದಾಗಿ ಬಾಗಿಲು ಹಾಕಿದವು. ‘ವಾಟ್ಸ್ ಮೈ ಲೈನ್?’ ಮಾತ್ರ ಮುಂದುವರಿಯಿತು. 50 ಡಾಲರ್‌ಗಾಗಿ ಮೋಸ ಮಾಡುವವರು ಯಾರು?

ಹಾಗೆಂದು ಆ ಕಾಲವನ್ನು ಚಿನ್ನದ ಯುಗವೆಂದು ಹಾಡಿಹೊಗಳುವಂತಿಲ್ಲ. ಅತಿಥಿಯಾಗಿ ಬಂದ ಯುವತಿಯರನ್ನು ಕಂಡು ಪ್ರೇಕ್ಷಕರು ಶಿಳ್ಳೆ ಹೊಡೆಯುತ್ತಿದ್ದರು. ಗಂಡಸರದೆಂದುಕೊಂಡ ಕಸುಬನ್ನು ಹೆಣ್ಣೊಬ್ಬಳು ಮಾಡುತ್ತಾಳೆ ಎಂಬುದೇ ಎಷ್ಟೋ ಸಲ ತಮಾಷೆಯ ತಿರುಳಾಗಿತ್ತು. ಸೀಮೋರ್ ಭಾಗವಹಿಸಿದ ಕಾರ್ಯಕ್ರಮದ ಪ್ರಾಯೋಜಕರು ಸಿಗರೇಟಿನವರು. ಅಜ್ಜ ಪೈಪ್ ಸೇದುವವರೆಂದು ಅವರಿಗೆ ತಂಬಾಕಿನ ಡಬ್ಬಿಯೊಂದನ್ನು ಕೊಟ್ಟು ಕಳಿಸಿದರು! ಒಂದು ಸಮಾಜಕ್ಕೆ ಯಾವುದು ಸಹಜ, ಯಾವುದು ವಿಚಿತ್ರ ಎಂಬುದನ್ನು ಇಂಥ ಊಹೆಯ ಆಟ ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತದೆ. ಭಾಷಣಗಳಲ್ಲಿ ಸಿಗದ ಸತ್ಯ ಇದು.

ಈ ಸಾಕ್ಷ್ಯವೂ ನಮ್ಮ ಕೈತಪ್ಪಿ ಹೋಗುವುದರಲ್ಲಿತ್ತು. ಕಾರ್ಯಕ್ರಮ ನೇರ ಪ್ರಸಾರವಾಗುತ್ತಿತ್ತು. ಪರದೆಯ ಮೇಲಿನ ದೃಶ್ಯವನ್ನೇ ಕ್ಯಾಮೆರಾದಲ್ಲಿ ಚಿತ್ರೀಕರಿಸಿಕೊಳ್ಳುವ ‘ಕಿನೆಸ್ಕೋಪ್’ ಪ್ರತಿಗಳಷ್ಟೇ ಉಳಿಯುತ್ತಿದ್ದವು. ಮೊದಲ ವರ್ಷಗಳ ಪ್ರತಿಗಳನ್ನು ಬೇಡದ ಸರಕೆಂದು ನಾಶ ಮಾಡಲಾಯಿತು. 1952ರಲ್ಲಿ ವಿಷಯ ತಿಳಿದ ಗುಡ್‌ಸನ್ ಮತ್ತು ಟಾಡ್‌ಮನ್ ತಾವೇ ಹಣ ತೆತ್ತು ಮುಂದಿನ ಕಂತುಗಳನ್ನು ಉಳಿಸಿಕೊಂಡರು. ಹಾಗಾಗಿ 1950ರಿಂದ 1952ರವರೆಗಿನ ಕಂತುಗಳಲ್ಲಿ ಇಂದು ಸಿಗುವುದು ಕೆಲವೇ ಕೆಲವು. ನಂತರದವುಗಳಲ್ಲಿ ನೂರಾರು ಉಳಿದಿದ್ದು, ಮನೆಯಲ್ಲೇ ಕುಳಿತು ಯೂಟ್ಯೂಬ್‌ನಲ್ಲಿ ನೋಡಬಹುದು.

ನೇರ ಪ್ರಸಾರಕ್ಕೆ ಇನ್ನೊಂದು ಮುಖವೂ ಉಂಟು. 1965ರ ನವೆಂಬರ್ 7ರ ಭಾನುವಾರ ರಾತ್ರಿ ಕಿಲ್‌ಗ್ಯಾಲನ್ ಎಂದಿನಂತೆ ಪ್ರಶ್ನೆ ಕೇಳಿದರು, ನಕ್ಕರು, ವಿದಾಯ ಹೇಳಿದರು. ಮರುದಿನ ಅವರು ತಮ್ಮ ಮನೆಯಲ್ಲಿ ಶವವಾಗಿ ಕಂಡರು. ಆ ಕಂತನ್ನು ಇಂದು ನೋಡುವವರಿಗೆ ಗೊತ್ತಿರುವ ಒಂದು ಸಂಗತಿ ಪರದೆಯ ಮೇಲಿರುವ ಯಾರಿಗೂ ಗೊತ್ತಿಲ್ಲ. ಹಳೆಯ ಆಟವನ್ನು ನೋಡುವಾಗ ಗುಟ್ಟು ಅತಿಥಿಯ ಬಳಿಯಲ್ಲ, ನಮ್ಮ ಬಳಿ ಇರುತ್ತದೆ.

1967ರ ಕೊನೆಯ ಕಂತಿನಲ್ಲಿ ಪ್ಯಾನೆಲ್‌ನವರು ಮತ್ತೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡರು. ಗಣ್ಯ ಅತಿಥಿ ಯಾರೆಂದು ನೋಡಿದರೆ ಸಾಕ್ಷಾತ್ ನಿರೂಪಕ ಜಾನ್ ಡೇಲಿ! ಹದಿನೇಳು ವರ್ಷ ಎದುರಿಗೇ ಕುಳಿತಿದ್ದವರನ್ನೇ ಕೊನೆಯ ಒಗಟಾಗಿಸಿ ಆಟ ಮುಗಿಸಿದರು.