ಕಾರಣ ಕೇಳಿದ ತೀರ್ಪುಗಳು: ವಾಕ್ ಸ್ವಾತಂತ್ರ್ಯ ಮತ್ತು ಪೊಲೀಸ್ ಅಧಿಕಾರ

ಸಂವಿಧಾನದ 19(1)(ಎ) ವಿಧಿ ಮಾತಾಡುವ ಹಕ್ಕು ಕೊಟ್ಟಿದೆ; 19(2) ಅದಕ್ಕೆ ಬೇಲಿ ಹಾಕಿದೆ. ಆ ಬೇಲಿ ಎಲ್ಲಿದೆ ಎಂಬುದನ್ನು ಬೀದಿಯಲ್ಲಿ ಭಿತ್ತಿಪತ್ರ ಹಿಡಿದು ನಿಂತವರಿಗೆ ಮೊದಲು ಹೇಳುವವರು ನ್ಯಾಯಾಧೀಶರಲ್ಲ, ಠಾಣೆಯ ಇನ್‌ಸ್ಪೆಕ್ಟರು. ಸ್ವತಂತ್ರ ಭಾರತದ ಪ್ರಮುಖ ತೀರ್ಪುಗಳನ್ನು ಒಟ್ಟಿಗೆ ಓದಿದರೆ ಒಂದು ಎಳೆ ಎದ್ದು ಕಾಣುತ್ತದೆ: ನ್ಯಾಯಾಲಯಗಳು ಪೊಲೀಸರ ಅಧಿಕಾರವನ್ನು ಕಿತ್ತುಕೊಂಡದ್ದು ಕಡಿಮೆ, ಅದನ್ನು ಬಳಸಿದ್ದಕ್ಕೆ ಕಾರಣ ಕೇಳಿದ್ದು ಹೆಚ್ಚು.

ಅಧಿಕಾರದ ಮೂಲ ವಸಾಹತು ಕಾಲದ್ದು. ಮೆರವಣಿಗೆಗೆ ಪರವಾನಗಿ ಬೇಕೆನ್ನಲು ಅವಕಾಶ ಕೊಟ್ಟದ್ದು 1861ರ ಪೊಲೀಸ್ ಕಾಯ್ದೆಯ 30ನೇ ಸೆಕ್ಷನ್. ಗುಂಪು ಸೇರುವುದನ್ನೇ ನಿಷೇಧಿಸುವ 144ನೇ ಸೆಕ್ಷನ್ 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿತ್ತು. ಸ್ವಾತಂತ್ರ್ಯ ಬಂದ ಮೇಲೂ ಎರಡೂ ಉಳಿದವು. 1961ರಲ್ಲಿ ಬಾಬುಲಾಲ್ ಪರಾತೆ ಪ್ರಕರಣದಲ್ಲಿ, 1970ರಲ್ಲಿ ಮಧು ಲಿಮಯೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 144ನ್ನು ಎತ್ತಿಹಿಡಿಯಿತು. ಆದರೆ ತುರ್ತು ಇದ್ದರಷ್ಟೇ ಬಳಸಬೇಕೆಂದು ಎರಡನೆಯ ತೀರ್ಪು ಒತ್ತಿ ಹೇಳಿತು.

ಅಹಮದಾಬಾದಿನ ಹಿಮ್ಮತ್‌ಲಾಲ್ ಶಾ ಪ್ರಕರಣ ಒಂದು ಹೆಜ್ಜೆ ಮುಂದೆ ಹೋಯಿತು. 1969ರಲ್ಲಿ ಬೀದಿ ಸಭೆಗೆ ಪೊಲೀಸರು ಅನುಮತಿ ನಿರಾಕರಿಸಿದ್ದರು. ಯಾವ ಆಧಾರದ ಮೇಲೆ ನಿರಾಕರಿಸಬಹುದು ಎಂದು ನಿಯಮದಲ್ಲಿ ಬರೆದೇ ಇರಲಿಲ್ಲ. ಎಲ್ಲವೂ ಅಧಿಕಾರಿಯ ಮರ್ಜಿ. ಸುಪ್ರೀಂ ಕೋರ್ಟ್ 1972ರಲ್ಲಿ ಆ ನಿಯಮವನ್ನೇ ರದ್ದುಪಡಿಸಿತು.

ಇಂದಿರಾ ಗಾಂಧಿ ಹತ್ಯೆಯಾದ 1984ರ ಅಕ್ಟೋಬರ್ 31ರಂದು ಚಂಡೀಗಢದಲ್ಲಿ ಘೋಷಣೆ ಕೂಗಿದ ಇಬ್ಬರು ಸರ್ಕಾರಿ ನೌಕರರ ಮೇಲೆ ರಾಜದ್ರೋಹದ ಆರೋಪ ಬಿತ್ತು. ಬಲವಂತ್ ಸಿಂಗ್ ಪ್ರಕರಣವೆಂದು ಹೆಸರಾದ ಇದರಲ್ಲಿ ಬಿಡುಗಡೆ ಸಿಕ್ಕದ್ದು 1995ರಲ್ಲಿ. ಒಂದೆರಡು ಸಲ ಕೂಗಿದ ಘೋಷಣೆಗೆ ಜನ ಕಿವಿಗೊಟ್ಟಿರಲಿಲ್ಲ. ಘೋಷಣೆಗಿಂತ ಬಂಧನವೇ ಗಲಭೆಗೆ ದಾರಿಯಾಗಬಹುದಿತ್ತು ಎಂದು ನ್ಯಾಯಾಲಯ ಕಂಡಿತು.

ಮುಂದೆ ಮಾತು ಬೀದಿಯಿಂದ ಮೊಬೈಲಿಗೆ ಬಂತು. 2012ರ ನವೆಂಬರಿನಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಫೇಸ್‌ಬುಕ್ ಪೋಸ್ಟ್ ಹಾಕಿದ ಯುವತಿಯೂ ಅದನ್ನು ಲೈಕ್ ಮಾಡಿದವಳೂ ಬಂಧನಕ್ಕೊಳಗಾದರು. ಆ ಬಂಧನಗಳ ಬೆನ್ನಲ್ಲೇ ಬಂದ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಐಟಿ ಕಾಯ್ದೆಯ 66ಎ ಸೆಕ್ಷನ್ 2015ರ ಮಾರ್ಚ್ 24ರಂದು ರದ್ದಾಯಿತು. ಠಾಣೆಗಳಿಗೆ ಅದು ತಲುಪಿದಂತಿರಲಿಲ್ಲ: ಇಲ್ಲದ ಸೆಕ್ಷನ್ ಅಡಿ ಕೇಸುಗಳು ದಾಖಲಾಗುತ್ತಲೇ ಇದ್ದವು. 2022ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಅವನ್ನು ಕೈಬಿಡುವಂತೆ ಮತ್ತೆ ಹೇಳಬೇಕಾಯಿತು.

ಕರ್ನಾಟಕದ ಉದಾಹರಣೆ 2019ರದು. ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ಪ್ರತಿಭಟನೆಗಳು ನಿಗದಿಯಾಗಿದ್ದಾಗ ಬೆಂಗಳೂರಿನಲ್ಲಿ ಡಿಸೆಂಬರ್ 19ರಿಂದ ಮೂರು ದಿನ ನಿಷೇಧಾಜ್ಞೆ ಜಾರಿಯಾಯಿತು. ಅದಾಗಲೇ ಕೊಟ್ಟಿದ್ದ ಅನುಮತಿಗಳೂ ರದ್ದಾದವು. ಪುರಭವನದ ಬಳಿ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಪೊಲೀಸರು ವಶಕ್ಕೆ ಪಡೆದರು. ಈ ಮಹಾನಗರದಲ್ಲಿ ಪೊಲೀಸ್ ಕಮಿಷನರ್ ಅವರಿಗೇ ಮ್ಯಾಜಿಸ್ಟ್ರೇಟ್ ಅಧಿಕಾರವಿರುವುದರಿಂದ, ‘ಅಪಾಯವಿದೆ’ ಎನ್ನುವವರೂ ಅದನ್ನು ತೂಗಿನೋಡಿ ಆದೇಶ ಹೊರಡಿಸುವವರೂ ಒಂದೇ ಇಲಾಖೆಯವರು. ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಹೈಕೋರ್ಟ್ ಪೀಠ ಎತ್ತಿದ ಆಕ್ಷೇಪ ಇಲ್ಲಿಯೇ: ಆದೇಶದಲ್ಲಿ ಡಿಸಿಪಿಗಳ ವರದಿಗಳಿದ್ದವು, ಮ್ಯಾಜಿಸ್ಟ್ರೇಟರ ಸ್ವಂತ ಅಭಿಪ್ರಾಯ ಇರಲಿಲ್ಲ. 2020ರ ಫೆಬ್ರವರಿ 13ರಂದು ಅದನ್ನು ಕಾನೂನುಬಾಹಿರವೆಂದು ಪೀಠ ಘೋಷಿಸಿತು. ಅಷ್ಟರಲ್ಲಿ ಆದೇಶದ ಅವಧಿ ಮುಗಿದು ಸುಮಾರು ಎರಡು ತಿಂಗಳಾಗುತ್ತಿತ್ತು.

ತಡವಾಗಿ ಬರುವ ನ್ಯಾಯದ ಈ ಸಮಸ್ಯೆಯನ್ನು ಎಫ್‌ಐಆರ್ ಹಂತದಲ್ಲೇ ತಡೆಯಲು ಯತ್ನಿಸಿದ್ದು 2025ರ ಮಾರ್ಚ್ 28ರ ತೀರ್ಪು. ಅದನ್ನು ಕೊಟ್ಟದ್ದೂ ಓಕಾ ಅವರಿದ್ದ ಪೀಠವೇ, ಈ ಬಾರಿ ಸುಪ್ರೀಂ ಕೋರ್ಟಿನಲ್ಲಿ. ಕವಿತೆಯಿದ್ದ ವಿಡಿಯೊ ಹಂಚಿಕೊಂಡ ಸಂಸದ ಇಮ್ರಾನ್ ಪ್ರತಾಪ್‌ಗಢಿ ಅವರ ಮೇಲೆ ಗುಜರಾತಿನ ಜಾಮ್‌ನಗರದಲ್ಲಿ ಕೇಸು ಬಿದ್ದಿತ್ತು. ನ್ಯಾಯಾಲಯ ಎಫ್‌ಐಆರ್ ರದ್ದುಮಾಡಿ, ಮಾತು–ಬರಹದ ದೂರು ಬಂದಾಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(3)ರಡಿ ಪ್ರಾಥಮಿಕ ವಿಚಾರಣೆ ನಡೆಸುವುದೇ ಸೂಕ್ತ ಎಂದಿತು. ಡಿವೈಎಸ್‌ಪಿಯ ಅನುಮತಿ ಪಡೆದು 14 ದಿನದೊಳಗೆ ಅದು ಮುಗಿಯಬೇಕು. ಪದಗಳನ್ನು ಅಳೆಯುವಾಗ ಮುಂದಿಟ್ಟುಕೊಳ್ಳಬೇಕಾದದ್ದು ಗಟ್ಟಿ ಮನಸ್ಸಿನವರನ್ನು, ಎಲ್ಲದರಲ್ಲೂ ಅಪಾಯ ಕಾಣುವವರನ್ನಲ್ಲ ಎಂದೂ ಸೇರಿಸಿತು.

ಈ ರಕ್ಷಣೆಗೂ ಮಿತಿಯಿದೆ. ಅದು ಅನ್ವಯಿಸುವುದು ಮೂರು ವರ್ಷದಿಂದ ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಿಗೆ ಮಾತ್ರ. ರಾಜದ್ರೋಹದ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 152ನೇ ಸೆಕ್ಷನ್‌ಗೆ ಜೀವಾವಧಿಯವರೆಗೂ ಶಿಕ್ಷೆ ಇರುವುದರಿಂದ, ಮಾತಿನ ಮೇಲೆ ಹೊರಿಸಬಹುದಾದ ಅತಿ ಭಾರದ ಆರೋಪವೇ ಈ ವ್ಯವಸ್ಥೆಯ ಹೊರಗೆ ಉಳಿದಿದೆ.