ಬಕಲಿನ ಬೆನ್ನು ಹತ್ತಿ ವಾಲ್ಸಾಲಿಗೆ

ಇಪ್ಪತ್ತು ವರ್ಷಗಳ ಹಿಂದೆ, ಈ ದೇಶಕ್ಕೆ ಬಂದ ಮೊದಲ ಚಳಿಗಾಲದಲ್ಲಿ, ಹಳೆಯ ಉಡುಪುಗಳ ಅಂಗಡಿಯೊಂದರಲ್ಲಿ ನಾನು ಕೊಂಡಿದ್ದ ತೊಗಲಿನ ಜಾಕೆಟ್ ಈಗ ಮಗಳ ಪಾಲಾಗಿದೆ. ಭುಜ ಅವಳಿಗೆ ಸರಿಹೊಂದಿತು. ಸೊಂಟ ಮಾತ್ರ ಸಡಿಲ. ಎರಡೂ ಪಕ್ಕಗಳಲ್ಲಿದ್ದ ಬಿಗಿಪಟ್ಟಿಗಳಲ್ಲಿ ಒಂದರ ಬಕಲ್ ಮುರಿದಿತ್ತು. ಜೊತೆಗೆ ಮುಂಗೈ ಪಟ್ಟಿಯ ಟಿಚ್ ಬಟನ್ ತಾಗುವ ಜಾಗದಲ್ಲಿ, ನಾಣ್ಯದಷ್ಟು ಅಗಲಕ್ಕೆ, ಅವಳ ಚರ್ಮ ಕೆಂಪಾಗಿ ತುರಿಸತೊಡಗಿತು. ಬಕಲ್ ಬದಲಿಸುವುದು ಹತ್ತು ನಿಮಿಷದ ಕೆಲಸವೆಂದು ಭಾವಿಸಿ ಸಟನ್ ಕೋಲ್ಡ್‌ಫೀಲ್ಡಿನಿಂದ ಎಂಟು ಮೈಲಿ ದೂರದ ವಾಲ್ಸಾಲಿಗೆ ಹೊರಟೆವು. ಆ ಹತ್ತು ನಿಮಿಷದ ಕೆಲಸ ನಮ್ಮನ್ನು ಹಲವು ಶತಮಾನಗಳ ಹಿಂದಕ್ಕೆ, ಕೊನೆಗೆ ಕಲ್ಯಾಣಕ್ಕೆ ಕರೆದೊಯ್ದಿತು.

ನಾವು ನೆಲೆಸಿರುವ ಈ ಸೀಮೆಯಲ್ಲಿ ತೊಗಲಿನ ಬಾರಿಗೂ ಲೋಹದ ಕೊಂಡಿಗೂ ಬಹು ಹಳೆಯ ನಂಟು. 2009ರಲ್ಲಿ ಲಿಚ್‌ಫೀಲ್ಡ್ ಸಮೀಪದ ಹ್ಯಾಮರ್‌ವಿಚ್‌ನ ಹೊಲವೊಂದರಲ್ಲಿ ದೊರೆತ ‘ಸ್ಟ್ಯಾಫರ್ಡ್‌ಶೈರ್ ನಿಧಿ’ಯನ್ನು ನಮ್ಮಲ್ಲಿ ಅನೇಕರು ಬರ್ಮಿಂಗ್‌ಹ್ಯಾಮ್ ವಸ್ತುಸಂಗ್ರಹಾಲಯದಲ್ಲಿ ಕಂಡಿರಬಹುದು. ಸುಮಾರು ನಾಲ್ಕು ಕಿಲೋ ಚಿನ್ನದ ಆ ರಾಶಿಯಲ್ಲಿ ಪಿರಮಿಡ್ಡಿನ ಆಕಾರದ ಪುಟ್ಟ ತುಣುಕುಗಳಿವೆ. ಅವು ಕತ್ತಿಯ ಒರೆಗೆ ಸಂಬಂಧಿಸಿದ ಪಟ್ಟಿಗಳ ಮೇಲೆ ಇದ್ದವೆಂಬುದು ವಿದ್ವಾಂಸರ ಅಭಿಪ್ರಾಯ. ಪಟ್ಟಿ ಮಣ್ಣಾಗಿ ಸಾವಿರದ ಮುನ್ನೂರು ವರ್ಷಗಳಾದವು, ಲೋಹ ಉಳಿಯಿತು.

ವಾಲ್ಸಾಲಿನ ಕಸುಬು ಮೊದಲಾದದ್ದು ತೊಗಲಿಗಿಂತ ಹೆಚ್ಚಾಗಿ ಲೋಹದಿಂದ. ಕುದುರೆಯ ಕಡಿವಾಣ, ರಿಕಾಪು, ಬಕಲ್ ಮುಂತಾದವನ್ನು ಮಾಡುವವನನ್ನು ಇಂಗ್ಲಿಷಿನಲ್ಲಿ ‘ಲಾರಿನರ್’ ಎನ್ನುತ್ತಾರೆ. ಲಂಡನ್ನಿನ ಲಾರಿನರುಗಳ ಸಂಘಕ್ಕೆ 1261ರಷ್ಟು ಹಿಂದೆಯೇ ಕಟ್ಟಳೆಗಳಿದ್ದವು. ಸುತ್ತಮುತ್ತ ಕಬ್ಬಿಣ, ಕಲ್ಲಿದ್ದಲು, ಸುಣ್ಣಕಲ್ಲು ದೊರೆಯುತ್ತಿದ್ದ ವಾಲ್ಸಾಲಿನಲ್ಲಿ ಈ ಕಸುಬು ಬೇರೂರಿತು. ಲೋಹದ ಕೊಂಡಿ ಇದ್ದ ಊರಿಗೆ ಅದನ್ನು ತೊಡಿಸುವ ಬಾರು ಬಂತು, ಬಾರಿನ ಹಿಂದೆ ಜೀನು ಬಂತು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಊರು ಜೀನುಗಳಿಗೆ ಲೋಕಪ್ರಸಿದ್ಧವಾಯಿತು. ಇಲ್ಲಿನ ಫುಟ್‌ಬಾಲ್ ತಂಡಕ್ಕೆ ಇಂದಿಗೂ ‘ಸ್ಯಾಡ್ಲರ್ಸ್’, ಅಂದರೆ ಜೀನುಗಾರರು, ಎಂಬುದೇ ಅಡ್ಡಹೆಸರು.

ಬಕಲ್ ಮಾತ್ರ ಒಮ್ಮೆ ಈ ಜನರ ಕೈಕೊಟ್ಟಿತು. ಪಾದರಕ್ಷೆಗೆ ಬಕಲ್ ತೊಡುವ ಶೋಕಿ ಹದಿನೇಳನೆಯ ಶತಮಾನದಲ್ಲಿ ಹಬ್ಬಿತು. ಸ್ಯಾಮ್ಯುಯೆಲ್ ಪೀಪ್ಸ್ ತಾನು ಬಕಲ್ ತೊಟ್ಟ ಮೊದಲ ದಿನವನ್ನು 1660ರ ಜನವರಿಯ ದಿನಚರಿಯಲ್ಲಿ ದಾಖಲಿಸಿದ್ದಾನೆ. ಮುಂದಿನ ನೂರು ವರ್ಷಗಳಲ್ಲಿ ಬರ್ಮಿಂಗ್‌ಹ್ಯಾಮ್, ವಾಲ್ಸಾಲ್, ವುಲ್ವರ್‌ಹ್ಯಾಂಪ್ಟನ್‌ಗಳು ಜಗತ್ತಿಗೆಲ್ಲ ಬಕಲ್ ಮಾಡಿ ಕಳುಹಿಸಿದವು. ಅಷ್ಟರಲ್ಲಿ ಜನ ಬಕಲ್ ಬಿಟ್ಟು ದಾರದ ಬೂಟು ತೊಡಲಾರಂಭಿಸಿದರು. 1791ರಲ್ಲಿ ಕಸುಬುದಾರರು ಪ್ರಿನ್ಸ್ ಆಫ್ ವೇಲ್ಸ್ ಬಳಿಗೆ ಮನವಿ ಹೊತ್ತು ಹೋದರು: ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಈ ಕೆಲಸವನ್ನು ನಂಬಿದ್ದಾರೆ, ಅವರಲ್ಲಿ ಅನೇಕರು ಬರಿಗೈಯಾಗಿದ್ದಾರೆ, ತಾವಾದರೂ ಬಕಲ್ ಧರಿಸಬೇಕು ಎಂದು. ರಾಜಕುಮಾರನು ತನ್ನ ಪರಿವಾರಕ್ಕೆ ಹಾಗೆಯೇ ಆಜ್ಞೆ ಮಾಡಿದನು. ಆದರೆ ಅರಮನೆಯ ಆಜ್ಞೆ ಬೀದಿಯ ಅಭಿರುಚಿಯನ್ನು ಬದಲಿಸಲಿಲ್ಲ. ಪಾದರಕ್ಷೆಯ ಬಕಲ್ ಸತ್ತಿತು. ಕುದುರೆಯ ಸಾಮಾನಿನ ಬಕಲ್ ವಾಲ್ಸಾಲನ್ನು ಉಳಿಸಿತು. ಮುಂದೆ ಮೋಟಾರು ಬಂದು ಕುದುರೆಯನ್ನೂ ಬದಿಗೆ ಸರಿಸಿದಾಗ, ಅದೇ ಕೈಗಳು ಕೈಚೀಲ, ಪರ್ಸು, ಬೆಲ್ಟುಗಳತ್ತ ಹೊರಳಿದವು. ರಾಣಿ ಎಲಿಜಬೆತ್ ಕೈಯಲ್ಲಿ ಸದಾ ಕಾಣುತ್ತಿದ್ದ ಲಾನರ್ ಕೈಚೀಲಗಳು ವಾಲ್ಸಾಲಿನವೇ.

ನಾವು ಭೇಟಿಯಾದ ದುರಸ್ತಿಗಾರರು ಎಪ್ಪತ್ತು ದಾಟಿದ ಹಿರಿಯರು. ಜಾಕೆಟನ್ನು ಮಗಳಿಗೆ ತೊಡಿಸಿ, ಮೊದಲು ಭುಜದ ಹೊಲಿಗೆಯನ್ನು ನೋಡಿದರು. ಭುಜ ದೊಡ್ಡದಾಗಿದ್ದರೆ ಯಾವ ಪಟ್ಟಿಯಿಂದಲೂ ಪ್ರಯೋಜನವಿಲ್ಲವೆಂದೂ, ಪಕ್ಕದ ಪಟ್ಟಿಗಳಿಂದ ಒಟ್ಟು ಎರಡು ಮೂರು ಅಂಗುಲಕ್ಕಿಂತ ಹೆಚ್ಚು ಬಿಗಿದರೆ ಬೆನ್ನಿನ ತೊಗಲು ಸುಕ್ಕುಗಟ್ಟುವುದೆಂದೂ ಹೇಳಿದರು. ಬಳಿಕ ಮೇಜಿನ ಮೇಲೆ ಮೂರು ಬಗೆಯ ಸಾಮಾನು ಹರಡಿದರು.

ಮೊದಲನೆಯದು ಮುಳ್ಳಿನ ಬಕಲ್. ಭಾರವೆಲ್ಲ ಮುಳ್ಳಿನ ಮೇಲೆ ಬೀಳುವುದರಿಂದ ಪಟ್ಟಿ ಜಾರುವುದಿಲ್ಲ. ಆದರೆ ರಂಧ್ರಗಳ ಅಂತರದಷ್ಟೇ ಹೊಂದಾಣಿಕೆ. ಸೊಂಟದ ಬೆಲ್ಟಿಗೆ ಒಂದು ಅಂಗುಲದ ಅಂತರ ಸಾಕು, ಜಾಕೆಟ್ಟಿಗೆ ಅರ್ಧ ಅಂಗುಲ ಬೇಕು. ಎರಡನೆಯದು ಜೋಡಿ ಡಿ-ಉಂಗುರ. ಪಟ್ಟಿಯನ್ನು ಎರಡೂ ಉಂಗುರಗಳೊಳಗೆ ತೂರಿಸಿ, ಒಂದರೊಳಗೆ ಹಿಂದಕ್ಕೆ ಎಳೆದರೆ ಘರ್ಷಣೆಯೇ ಹಿಡಿದುಕೊಳ್ಳುತ್ತದೆ. ರಂಧ್ರ ಬೇಕಿಲ್ಲ, ಎಷ್ಟು ಬೇಕಾದರೂ ಬಿಗಿಯಬಹುದು; ಆದರೆ ಪಟ್ಟಿ ಮೆತ್ತಗೂ ತೆಳ್ಳಗೂ ಇರಬೇಕು, ದಪ್ಪ ತೊಗಲು ಜಾರುತ್ತದೆ. ಮೂರನೆಯದು ಟಿಚ್ ಬಟನ್. ಹಾಕಿ ತೆಗೆಯಲು ಸುಲಭ; ಆದರೆ ಅದಕ್ಕೆ ಒಂದೆರಡು ಅಳತೆಗಳಷ್ಟೇ, ಹಿಂದೆ ಬಲಕ್ಕೆ ತುಂಡು ತೊಗಲು ಕೊಡದಿದ್ದರೆ ತೆಳು ಚರ್ಮವನ್ನು ಹರಿದುಕೊಂಡು ಬರುತ್ತದೆ. ಯಾವುದನ್ನೇ ಆರಿಸಿದರೂ ಬಕಲಿನ ಒಳ ಅಗಲ ಪಟ್ಟಿಗಿಂತ ಕೂದಲೆಳೆಯಷ್ಟು ಹೆಚ್ಚಿರಬೇಕು. ಬಿಗಿಯಾದರೆ ಪಟ್ಟಿಯ ಅಂಚು ಸವೆಯುತ್ತದೆ, ಸಡಿಲವಾದರೆ ಪಟ್ಟಿ ಓರೆಯಾಗುತ್ತದೆ. ನಮ್ಮ ಹಳೆಯ ಬಕಲ್ ಸತು ಮಿಶ್ರಲೋಹವನ್ನು ಅಚ್ಚಿಗೆ ಹೊಯ್ದು ಮೇಲೆ ಹೊಳಪು ಲೇಪಿಸಿದ್ದು; ಅಡ್ಡಕಡ್ಡಿಯ ಬಳಿ ಮುರಿದಿತ್ತು. ಇಂಥವು ಅಲ್ಲಿಯೇ ಮುರಿಯುತ್ತವೆ ಎಂದರು ಹಿರಿಯರು.

ಮುಂಗೈಯ ತುರಿಕೆಯ ವಿಷಯ ನನ್ನ ವೃತ್ತಿಗೆ ಸೇರಿದ್ದು. ಅದರ ಮೂಲವೂ ಬರ್ಮಿಂಗ್‌ಹ್ಯಾಮಿನ ಇತಿಹಾಸದಲ್ಲಿದೆ. ನಮ್ಮ ಮನೆಗಳ ಪೂಜೆಯ ತಟ್ಟೆಗಳಿಂದ ಪರಿಚಿತವಾದ ‘ಜರ್ಮನ್ ಸಿಲ್ವರ್’ನಲ್ಲಿ ಬೆಳ್ಳಿಯ ಲವಲೇಶವೂ ಇಲ್ಲ, ಅದು ತಾಮ್ರ, ಸತು ಮತ್ತು ನಿಕ್ಕಲ್‌ಗಳ ಮಿಶ್ರಣ. 1830ರ ದಶಕದಲ್ಲಿ ಆಸ್ಕಿನ್ ಮತ್ತು ಇವಾನ್ಸ್ ಎಂಬ ಪಾಲುದಾರರು ನಿಕ್ಕಲ್ ಶುದ್ಧೀಕರಣವನ್ನು ಬರ್ಮಿಂಗ್‌ಹ್ಯಾಮಿನಲ್ಲಿ ನೆಲೆಗೊಳಿಸಿದರು. 1840ರಲ್ಲಿ ಎಲ್ಕಿಂಗ್‌ಟನ್ನರು ವಿದ್ಯುತ್ತಿನಿಂದ ಲೋಹ ಲೇಪಿಸುವ ಹಕ್ಕುಪತ್ರ ಪಡೆದರು. ಬಡವರ ಮನೆಗೂ ಬೆಳ್ಳಿಯ ಹೊಳಪು ಬಂತು. ಮುಂದೆ ನಿಕ್ಕಲ್ ಲೇಪನ ಬಕಲು, ಗುಂಡಿ, ಗಡಿಯಾರದ ಪಟ್ಟಿಗಳನ್ನೆಲ್ಲ ಆವರಿಸಿತು.

ಬೆವರಿನ ಉಪ್ಪು ನಿಕ್ಕಲನ್ನು ಕರಗಿಸುತ್ತದೆ. ಕರಗಿದ ಕಣಗಳು ಚರ್ಮದೊಳಗಿನ ಪ್ರೋಟೀನುಗಳೊಡನೆ ಸೇರುತ್ತವೆ. ಕೆಲವರ ದೇಹ ಅದನ್ನು ಶತ್ರುವೆಂದು ಗುರುತಿಟ್ಟುಕೊಳ್ಳುತ್ತದೆ. ಒಮ್ಮೆ ಗುರುತಿಟ್ಟರೆ ಸಾಮಾನ್ಯವಾಗಿ ಬಾಳಿನುದ್ದಕ್ಕೂ ಮರೆಯದು. ತುರಿಕೆ ಒಂದೆರಡು ದಿನ ತಡವಾಗಿ ಕಾಣಿಸಿಕೊಳ್ಳುವುದರಿಂದ ಕಾರಣ ಹೊಳೆಯುವುದಿಲ್ಲ. ಕಿವಿ ಚುಚ್ಚಿದಾಗ ತೊಡಿಸುವ ಅಗ್ಗದ ಓಲೆ ಇದಕ್ಕೆ ಮುಖ್ಯ ಹಾದಿಯಾದ್ದರಿಂದ ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು. ಡೆನ್ಮಾರ್ಕ್ 1990ರ ಹೊತ್ತಿಗೆ ನಿಯಮ ತಂದಿತು. ಯೂರೋಪಿನ ಒಕ್ಕೂಟ 1994ರಲ್ಲಿ ಅದನ್ನು ಅನುಸರಿಸಿತು. ಚರ್ಮಕ್ಕೆ ದೀರ್ಘಕಾಲ ತಾಗುವ ವಸ್ತುವಿನ ಪ್ರತಿ ಚದರ ಸೆಂಟಿಮೀಟರಿನಿಂದ ವಾರಕ್ಕೆ 0.5 ಮೈಕ್ರೋಗ್ರಾಂಗಿಂತ ಹೆಚ್ಚು ನಿಕ್ಕಲ್ ಹೊರಬರಕೂಡದು. ಈ ದೇಶದಲ್ಲಿಯೂ ಈ ಮಿತಿ ಜಾರಿಯಲ್ಲಿದೆ. ಆದರೆ ಹಳೆಯ ಜಾಕೆಟುಗಳು ಆ ನಿಯಮಕ್ಕಿಂತ ಹಿಂದಿನವು.

ಡೈಮೀಥೈಲ್ ಗ್ಲೈಆಕ್ಸಿಮ್ ಎಂಬ ದ್ರಾವಣವನ್ನು ಹತ್ತಿಯಿಂದ ಲೋಹಕ್ಕೆ ಉಜ್ಜಿದರೆ, ನಿಕ್ಕಲ್ ಹೊರಬರುತ್ತಿದ್ದರೆ ಹತ್ತಿ ಗುಲಾಬಿ ಬಣ್ಣ ತಾಳುತ್ತದೆ. ನಮ್ಮ ಟಿಚ್ ಬಟನ್ ಹಾಗೆಯೇ ಮಾಡಿತು. ಇದು ಲೋಹದ ಪರೀಕ್ಷೆ. ವ್ಯಕ್ತಿಗೆ ಅಲರ್ಜಿ ಇದೆಯೇ ಎಂಬುದನ್ನು ಚರ್ಮರೋಗ ತಜ್ಞರ ಪ್ಯಾಚ್ ಪರೀಕ್ಷೆಯೇ ಹೇಳಬೇಕು. ಪಕ್ಕಗಳಿಗೆ ಮುಕ್ಕಾಲು ಅಂಗುಲದ ಗಟ್ಟಿ ಹಿತ್ತಾಳೆಯ ಮುಳ್ಳಿನ ಬಕಲ್, ಮುಂಗೈಗೆ ನಿಕ್ಕಲಿಲ್ಲದ ಹಿತ್ತಾಳೆಯ ಬಟನ್ ಆರಿಸಿದೆವು. ತೊಗಲಿನ ಕೊಬ್ಬು ತಾಗಿದ ಹಿತ್ತಾಳೆ ಹಸಿರು ಕಿಲುಬು ಕಟ್ಟುತ್ತದೆ. ಒಣ ಬಟ್ಟೆಯಿಂದ ಒರೆಸಿದರೆ ಸಾಕು. ಹುಣಸೆಹಣ್ಣಿನಿಂದ ಉಜ್ಜುವ ನಮ್ಮ ಅಜ್ಜಿಯರ ವಿಧಾನವನ್ನು ತೊಗಲಿನ ಬಳಿ ತರಬೇಡಿ.

ಹಿರಿಯರು ಪಟ್ಟಿ ಹೊಲಿಯುತ್ತಿದ್ದಾಗ ಮಗಳು ಕೇಳಿದಳು: “ಅಪ್ಪಾ, ನಮ್ಮೂರಿನಲ್ಲಿ ಈ ಕೆಲಸ ಮಾಡುವವರನ್ನು ಏನೆಂದು ಕರೆಯುತ್ತಾರೆ?”

ನಾನು ತಡವರಿಸಿದೆ. ನನ್ನ ಬಾಲ್ಯದಲ್ಲಿ ಆ ಪದಗಳನ್ನು ಕಸುಬಿನ ಹೆಸರಾಗಿ ಕೇಳಿದ್ದಕ್ಕಿಂತ ಬೈಗುಳವಾಗಿ ಕೇಳಿದ್ದೇ ಹೆಚ್ಚು. ಚಪ್ಪಲಿ ಹೊಲಿದು ತರುತ್ತಿದ್ದ ಮುದುಕನಿಗೆ ನಮ್ಮ ಅಜ್ಜನ ಮನೆಯಲ್ಲಿ ಜಗಲಿಯ ಕೆಳಗೇ ನಿಲ್ಲಿಸಿ, ಮೇಲಿನಿಂದ ಬೊಗಸೆಗೆ ನೀರು ಹೊಯ್ಯುತ್ತಿದ್ದರು. ಆತನ ಹೆಸರು ನನಗೆ ಇಂದಿಗೂ ತಿಳಿಯದು.

ಆ ಕೈಗಳ ಕೌಶಲ ಈ ದೇಶಕ್ಕೂ ಬಂದಿತ್ತು. ದಕ್ಷಿಣ ಭಾರತದ ಒಣಭೂಮಿಯಲ್ಲಿ ಬೆಳೆಯುವ ತಂಗಡಿ ಗಿಡದ ತೊಗಟೆಯಿಂದ ಹದಮಾಡಿದ ತೊಗಲು ‘ಈಸ್ಟ್ ಇಂಡಿಯಾ ಕಿಪ್ಸ್’ ಎಂಬ ಹೆಸರಿನಲ್ಲಿ ಮದರಾಸಿನಿಂದ ಇಂಗ್ಲೆಂಡಿಗೆ ಹಡಗೇರುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಸೈನಿಕರ ಬೂಟುಗಳಾಯಿತು. ಅಥಣಿ ಸೀಮೆಯವರು ಇಂದಿಗೂ ಒಂದು ಮೊಳೆ, ಒಂದು ಬಕಲಿನ ಹಂಗಿಲ್ಲದೆ, ತೊಗಲಿನ ದಾರದಿಂದಲೇ ಹೊಲಿದು ಚಪ್ಪಲಿ ಮಾಡುತ್ತಾರೆ.

ಮಗಳಿಗೆ ನಾನು ಕೊಟ್ಟ ಉತ್ತರ ಸಮಗಾರ ಹರಳಯ್ಯನ ಕಥೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯ ಶರಣೆಂದಾಗ ಬಸವಣ್ಣನವರು ಎರಡು ಬಾರಿ ಶರಣೆಂದರಂತೆ. ಆ ಹೆಚ್ಚಿನ ಒಂದು ಶರಣಿನ ಋಣ ತೀರಿಸಲು ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿದರೆಂಬುದು ಪರಂಪರೆಯ ಮಾತು. ಬ್ರಾಹ್ಮಣ ಮೂಲದ ಮಧುವರಸನ ಮಗಳನ್ನು ಹರಳಯ್ಯನ ಮಗನಿಗೆ ತಂದುಕೊಂಡಾಗ, ಬಿಜ್ಜಳನ ಆಳ್ವಿಕೆಯಲ್ಲಿ ಇಬ್ಬರು ತಂದೆಯರೂ ಮರಣದಂಡನೆಗೆ ಗುರಿಯಾದರು. ತೊಗಲು ಹದಮಾಡುತ್ತಿದ್ದ ಡೋಹರ ಕಕ್ಕಯ್ಯನೂ ಅದೇ ಶರಣರ ಸಾಲಿನವನು.

ಒಂದು ಊರು ಜೀನುಗಾರನ ಹೆಸರನ್ನು ತನ್ನ ಆಟಗಾರರಿಗೆ ಇಟ್ಟು, ಶನಿವಾರ ಮಧ್ಯಾಹ್ನ ಕೂಗಿ ಸಂಭ್ರಮಿಸುತ್ತದೆ. ನಮ್ಮಲ್ಲಿ ಅದೇ ಕಸುಬಿನವನನ್ನು ಹೊಸಿಲ ಹೊರಗೆ ನಿಲ್ಲಿಸಿದೆವು. ಸಂಘದ ಬಸವ ಜಯಂತಿಯಲ್ಲಿ ನಮ್ಮ ಮಕ್ಕಳು ವಚನ ಹೇಳುವಾಗ ಈ ಎರಡನೆಯ ಸಂಗತಿಯನ್ನೂ ನಾವು ಅವರಿಗೆ ಹೇಳಬೇಕೆಂದು ನನಗೆ ಅಂದು ಅನ್ನಿಸಿತು.

ಹೊರಡುವಾಗ ಮಗಳು ಆ ಹಿರಿಯರ ಹೆಸರು ಕೇಳಿ, ಕೈಕುಲುಕಿದಳು.